ಅವರ ಮೊದಲ ವರ್ಷದ ನೆನಪಿಗೆ ಏನು ಮಾಡಲಿ?

ಪ್ರಶ್ನೆ (ತೀರ್ಥಹಳ್ಳಿ):
ಚಿಕ್ಕ ವಯಸ್ಸಿನಲ್ಲೇ ನನ್ನವರು ತೀರಿಕೊಂಡು ಬರುವ ಆಷಾಢಕ್ಕೆ ವರ್ಷವಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿ ಬಂದ ಸಂಜೆ, ಎಷ್ಟೇ ದಣಿದಿದ್ದರೂ ಹಿತ್ತಿಲಲ್ಲಿ ಕೈ ತೊಳೆದು ನನಗೆ ಅವರೇ ಕಾಫಿ ಬೆರೆಸುತ್ತಿದ್ದರು. ಮೈಲುತುತ್ತದ ನೀಲಿ ಕಲೆಯಿರುವ ಆ ಅಂಗಿಯನ್ನು ಒಗೆಯಲು ನನಗಿನ್ನೂ ಮನಸ್ಸಾಗಿಲ್ಲ. ವರ್ಷಾಂತಿಕದ ವಿಧಿಗಳ ಜೊತೆಗೆ, ಅವರಿಗೆ ಒಪ್ಪುವಂಥದ್ದೇನು ಮಾಡಬಹುದು?

ಉತ್ತರ (ನಾದಿನಿ):
ಅತ್ತಿಗೆ, ಅಂಗಿಯನ್ನು ಒಗೆಯಬೇಡಿ. ತುಂಗೆ ಉಕ್ಕಿ ರಾಮಮಂಟಪ ಮುಳುಗಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ ಅಣ್ಣನ ಬಗ್ಗೆ ನಾವೆಲ್ಲರೂ ಬರೆದು ನಿಮ್ಮ ಕೈಗಿಡುತ್ತೇವೆ.

ಉತ್ತರ (ಗೆಳೆಯ, ಸಾಗರ):
ಅತ್ತಿಗೆಯವರೇ, ಜೀರಿಗೆ ಪರಿಮಳದ ಅಪ್ಪೆಮಿಡಿ ಮಾವಿನ ಕುಡಿಯನ್ನು ಹೊಳೆಯಂಚಿನಿಂದ ತಂದು ಅವನೇ ಕಟ್ಟಿದ ಕಸಿಗಿಡವೊಂದು ನನ್ನಲ್ಲಿದೆ. ಮಳೆ ಹಿಡಿದ ಮೇಲೆ ತರುತ್ತೇನೆ.

ಪ್ರಶ್ನೆ ಕೇಳಿದವರು:
ದಯವಿಟ್ಟು ತನ್ನಿ. ಅಡುಗೆಮನೆಯ ಕಿಟಕಿಗೆ ಕಾಣುವಲ್ಲಿ ಗುಂಡಿ ತೆಗೆಸಿಡುತ್ತೇನೆ.