ತಲೆನೋವಿಗೆ ಮುಂಚೆ ಕಾಣುವ ಅಂಕುಡೊಂಕು ಗೆರೆ: ಕಂಪ್ಯೂಟರ್ ಮಾದರಿಯಿಂದ ಏನು ಗೊತ್ತಾಗುತ್ತೆ?

ಪ್ರಶ್ನೆ (ಜಯನಗರದ ಸದಸ್ಯೆ): ನಮಸ್ಕಾರ ಮೇಡಂ. ನನಗೆ ಮೈಗ್ರೇನ್ ಇದೆ. ತಲೆನೋವು ಶುರುವಾಗುವ ಮುಂಚೆ ನೋಟದ ನಡುವೆ ಒಂದು ಚುಕ್ಕೆ ಮಿನುಗುತ್ತದೆ. ಆಮೇಲೆ ಅದು ಅಂಕುಡೊಂಕು ಕಮಾನಿನ ಹಾಗೆ ಹಿಗ್ಗುತ್ತಾ ಪಕ್ಕಕ್ಕೆ ಸರಿದು, ಅರ್ಧ ಗಂಟೆಯೊಳಗೆ ಹೋಗುತ್ತದೆ. ಕಣ್ಣು ಮುಚ್ಚಿದರೂ ಕಾಣುತ್ತದೆ. ಎಂಆರ್‌ಐ ನಾರ್ಮಲ್. ಸ್ಕ್ಯಾನಲ್ಲೇ ಸಿಗದ್ದನ್ನು ಕಂಪ್ಯೂಟರ್ ಮಾದರಿಯಲ್ಲಿ ಹೇಗೆ ನೋಡುತ್ತಾರೆ?

ಉತ್ತರ (ನರರೋಗ ತಜ್ಞೆ): ಕಣ್ಣು ಮುಚ್ಚಿದರೂ ಕಾಣುತ್ತದೆ ಅಂದಿರಲ್ಲ, ಅದರಲ್ಲೇ ಸುಳಿವಿದೆ. ಇದು ಕಣ್ಣಿನದ್ದಲ್ಲ, ತಲೆಯ ಹಿಂಭಾಗದಲ್ಲಿರುವ ನೋಟದ ಮಿದುಳಿನದ್ದು. ಇದಕ್ಕೆ ಔರಾ ಅಂತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿಗೂ ಇದು ಬರುತ್ತಿತ್ತು. ತನಗೆ ಕಂಡದ್ದನ್ನೇ ಚಿತ್ರ ಬರೆದು, ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತಿರಬೇಕು ಅಂತ 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಲಿಯಾವ್ ಮೊಲದ ಮಿದುಳಿನಲ್ಲಿ ಅಂಥದ್ದೇ ನಿಧಾನದ ಅಲೆ ಕಂಡರು. ಇಬ್ಬರ ಲೆಕ್ಕವೂ ಒಂದಕ್ಕೊಂದು ಹತ್ತಿರ ಇತ್ತು.

ಮಾದರಿ ಅಂದರೆ ಈ ಅಲೆಯನ್ನು ಸಮೀಕರಣದಲ್ಲಿ ಬರೆಯುವುದು, ಅಷ್ಟೇ. ನರಕೋಶದಿಂದ ಪೊಟ್ಯಾಶಿಯಂ ಹೊರಗೆ ಬಂದು ಶೇಖರವಾದರೆ ಪಕ್ಕದ ಕೋಶಗಳೂ ಕೆರಳುತ್ತವೆ, ಅವೂ ಹೊರಗೆ ಬಿಡುತ್ತವೆ. ಒಣಹುಲ್ಲಿಗೆ ಬೆಂಕಿ ಹಿಡಿದ ಹಾಗೆ: ಮುಂದಿನ ಅಂಚು ಉರಿಯುತ್ತದೆ, ಹಿಂದೆ ಬೂದಿ. ಅಂಚಿನಲ್ಲಿ ನಿಮಗೆ ಮಿನುಗು, ಹಿಂದೆ ಸ್ವಲ್ಪ ಹೊತ್ತು ಮಸುಕು. ಆದರೆ ಇಲ್ಲಿ ಏನೂ ಸುಟ್ಟುಹೋಗುವುದಿಲ್ಲ. ಕೋಶದ ಪಂಪುಗಳು ಪೊಟ್ಯಾಶಿಯಂ ಒಳಗೆಳೆದುಕೊಂಡ ಮೇಲೆ ಎಲ್ಲ ಮೊದಲಿನಂತೆ. ಅದಕ್ಕೇ ಆಮೇಲೆ ತೆಗೆಸಿದ ಎಂಆರ್‌ಐ ನಾರ್ಮಲ್.

ಕಮಾನು ಅಂಚಿಗೆ ಹೋದಂತೆ ಜೋರಾಗಿ ಓಡುತ್ತದೆ ಅಲ್ವಾ? ಅಲೆಯ ವೇಗ ಹೆಚ್ಚೇನೂ ಬದಲಾಗಿರುವುದಿಲ್ಲ. ನೋಟದ ನಡುಭಾಗಕ್ಕೆ ಮಿದುಳಿನಲ್ಲಿ ಜಾಸ್ತಿ ಜಾಗ ಇದೆ, ಅಂಚಿಗೆ ಕಡಿಮೆ. ಅಷ್ಟೇ ಮಿಲಿಮೀಟರ್ ಸರಿದರೂ ಅಂಚಿನಲ್ಲಿ ನೋಟದ ದೊಡ್ಡ ತುಂಡೇ ದಾಟಿಹೋಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯ): ಇದರಿಂದ ರೋಗಿಗೆ ಏನು ಲಾಭ, ಮೇಡಂ?

ಉತ್ತರ: ನೇರವಾಗಿ, ಸದ್ಯಕ್ಕೆ ಕಡಿಮೆಯೇ. ಆದರೆ ರೋಗಿಯ ತಲೆಯಲ್ಲಿ ಮಾಡಲಾಗದ್ದನ್ನು ಮಾದರಿಯಲ್ಲಿ ಮಾಡಬಹುದು. ಒಂದು ಕಡೆ ಮೈ ಸೋಲುವ, ಮನೆತನದಲ್ಲಿ ಬರುವ ಅಪರೂಪದ ಮೈಗ್ರೇನ್ ಇದೆ. ಅದರ ಒಂದು ಬಗೆಯಲ್ಲಿ ದೋಷ ಇರುವುದು ಪಂಪಿನ ಜೀನ್‌ನಲ್ಲೇ. ಮಾದರಿಯಲ್ಲಿ ಪಂಪನ್ನು ಮಾತ್ರ ಸ್ವಲ್ಪ ದುರ್ಬಲ ಮಾಡಿ, ಅಲೆ ಎಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತದೆ ಅಂತ ನೋಡಬಹುದು. ಮುಂದಿನ ಔರಾ ಯಾವ ದಿನ ಅಂತ ಹೇಳುವ ಆ್ಯಪ್ ಇದೆ ಅಂತ ಯಾರಾದರೂ ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ.

ಪ್ರಶ್ನೆ (ಅದೇ ಸದಸ್ಯ): ನಮ್ಮಮ್ಮನಿಗೆ ಬೆರಳಲ್ಲಿ ಜೋಮು ಶುರುವಾಗಿ ನಿಧಾನಕ್ಕೆ ಬಾಯಿಯ ಹತ್ತಿರ ಬರುತ್ತೆ. ಲಕ್ವ ಅಂತ ಭಯ.

ಉತ್ತರ: ಅಲೆ ಸ್ಪರ್ಶದ ಭಾಗಕ್ಕೆ ಹೋದರೆ ಹೀಗೂ ಆಗುತ್ತದೆ. ಔರಾ ಸಾಮಾನ್ಯವಾಗಿ ನಿಮಿಷಗಳಲ್ಲಿ ಹರಡುತ್ತದೆ, ಲಕ್ವ ಥಟ್ಟನೆ ಬರುತ್ತದೆ. ಆದರೂ ಮನೆಯಲ್ಲೇ ತೀರ್ಮಾನ ಮಾಡಬೇಡಿ, ಅಮ್ಮನನ್ನು ಒಮ್ಮೆ ತೋರಿಸಿ. ಇದೇ ಮೊದಲ ಸಲವಾದರೆ, ಕೈಕಾಲಲ್ಲಿ ಬಲ ಹೋದರೆ, ಮಾತು ತೊದಲಿದರೆ ಅಥವಾ ಗಂಟೆ ದಾಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಔರಾ ಇರುವ ಹೆಂಗಸರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅದರಿಂದ ಲಕ್ವದ ಅಪಾಯ ಹೆಚ್ಚುತ್ತದೆ.

ಪ್ರಶ್ನೆ (ಜಯನಗರದ ಸದಸ್ಯೆ): ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಸ್ಕೂಟರ್ ಮೇಲಿದ್ದಾಗ ಶುರುವಾದರೆ?

ಉತ್ತರ: ಗಾಡಿ ಪಕ್ಕಕ್ಕೆ ಹಾಕಿ, ನೋಟ ಪೂರ್ತಿ ತಿಳಿಯಾಗುವ ತನಕ ಮತ್ತೆ ಹತ್ತಬೇಡಿ. ಐದೈದು ನಿಮಿಷಕ್ಕೊಮ್ಮೆ ಆಕಾರವನ್ನು ಕಾಗದದ ಮೇಲೆ ಗೀಚಿ, ಪಕ್ಕದಲ್ಲಿ ಸಮಯ ಬರೆದಿಡಿ. ಮುಂದಿನ ಸಲ ಬರುವಾಗ ಆ ಕಾಗದ ತನ್ನಿ.