ಲಿನಕ್ಸ್ ಗಣಕದಲ್ಲಿ ರ್ಯಾಮ್ ಡಿಸ್ಕ್: ಪುಸ್ತಕ ಸ್ಕ್ಯಾನಿಂಗ್ ಕೆಲಸಕ್ಕೆ ಉಪಯೋಗವಾದೀತೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಧಾರವಾಡದ ಒಂದು ಸಣ್ಣ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ ತಂತ್ರಾಂಶದ ಮೂಲಕ ಅವುಗಳನ್ನು ಪಠ್ಯವಾಗಿಸುವ ಕೆಲಸ ಮಾಡುತ್ತಿದ್ದೇನೆ. ಉಬುಂಟು ಇರುವ ನಮ್ಮ ಗಣಕದಲ್ಲಿ 16 ಜಿಬಿ ರ್ಯಾಮ್ ಇದೆ, ಆದರೆ ಹಾರ್ಡ್ ಡಿಸ್ಕ್ ಹಳೆಯದು. ಪುಟಗಳ ಓರೆ ತಿದ್ದಿ, ಅಂಚು ಕತ್ತರಿಸಿ, ಕಲೆ ತೆಗೆಯುವಾಗ ಒಂದೊಂದು ಹಂತದಲ್ಲೂ ನೂರಾರು ತಾತ್ಕಾಲಿಕ ಚಿತ್ರಗಳು ಹುಟ್ಟುತ್ತವೆ, ಡಿಸ್ಕ್ ಬಿಡುವಿಲ್ಲದೆ ಓಡುತ್ತಿರುತ್ತದೆ. ರ್ಯಾಮ್ ಡಿಸ್ಕ್, ಅಂದರೆ ರ್ಯಾಮ್‌ನ ಒಂದು ಭಾಗವನ್ನೇ ಡಿಸ್ಕ್‌ನಂತೆ ಬಳಸುವ ಫೋಲ್ಡರ್, ಮಾಡಿಕೊಂಡರೆ ಎಲ್ಲವೂ ವೇಗವಾಗುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. ಅದನ್ನು ಹೇಗೆ ಮಾಡಬೇಕು, ಎಷ್ಟು ದೊಡ್ಡದಾಗಿ ಇಡಬೇಕು ಎಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಸರ್. ನಿಮ್ಮ ಕೆಲಸದ ಒಂದು ಭಾಗಕ್ಕೆ ಮಾತ್ರ ಇದರಿಂದ ಪ್ರಯೋಜನವಿದೆ. ಒಮ್ಮೆ ಓದಿದ ಕಡತವನ್ನು ಲಿನಕ್ಸ್ ತಾನಾಗಿಯೇ ಖಾಲಿ ಇರುವ ರ್ಯಾಮ್‌ನಲ್ಲಿ ಉಳಿಸಿಕೊಳ್ಳುತ್ತದೆ. ಆದ್ದರಿಂದ ಅದೇ ಚಿತ್ರವನ್ನು ಎರಡನೆಯ ಸಲ ಓದುವಾಗ, ಅದು ಇನ್ನೂ ರ್ಯಾಮ್‌ನಲ್ಲಿದ್ದರೆ, ಡಿಸ್ಕ್‌ಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ರ್ಯಾಮ್ ಡಿಸ್ಕ್ ಹೊಸದಾಗಿ ಕೊಡುವುದು ಏನೂ ಇಲ್ಲ. ಬರೆಯುವ ವಿಷಯ ಬೇರೆ. ಬರೆದದ್ದು ಮೊದಲು ರ್ಯಾಮ್‌ನಲ್ಲೇ ನಿಂತರೂ, ಸಾಮಾನ್ಯವಾಗಿ ಸುಮಾರು 30 ಸೆಕೆಂಡು ಕಳೆದ ಮೇಲೆ ಕರ್ನೆಲ್ (ಲಿನಕ್ಸ್‌ನ ತಿರುಳು ಭಾಗ) ಅದನ್ನು ಡಿಸ್ಕ್‌ಗೆ ಇಳಿಸತೊಡಗುತ್ತದೆ. ಹೀಗಾಗಿ ಹತ್ತು ನಿಮಿಷ ಬಾಳಿ ಅಳಿಸಿಹೋಗುವ ನಿಮ್ಮ ನೂರಾರು ಚಿತ್ರಗಳೂ ಒಮ್ಮೆ ಡಿಸ್ಕ್ ಮುಟ್ಟಿಯೇ ಹೋಗುತ್ತವೆ. ಆ ಹೊರೆಯನ್ನು ರ್ಯಾಮ್ ಡಿಸ್ಕ್ ತಪ್ಪಿಸುತ್ತದೆ. ಅಕ್ಷರ ಗುರುತಿಸುವ ಹಂತ ಮಾತ್ರ ಪೂರ್ತಿ ಪ್ರೊಸೆಸರ್ ಮೇಲೆ ನಿಂತಿರುವುದರಿಂದ, ಟೆಸೆರಾಕ್ಟ್ ಇದರಿಂದ ಗಮನಾರ್ಹವಾಗಿ ವೇಗಗೊಳ್ಳುವುದಿಲ್ಲ. ಅದಕ್ಕೆ ಒಂದೊಂದು ಪುಟವನ್ನು ಒಂದೊಂದು ಕೋರ್‌ಗೆ ಹಂಚಿ, ಏಕಕಾಲಕ್ಕೆ ನಡೆಸುವುದೇ ಸರಿಯಾದ ದಾರಿ.

ಇನ್ನು ಗಾತ್ರ. 300 ಡಿಪಿಐನಲ್ಲಿ (ಇಂಚಿಗೆ 300 ಬಿಂದು) ಎ4 ಪುಟವೊಂದು 2480 × 3508, ಅಂದರೆ ಸುಮಾರು 87 ಲಕ್ಷ ಬಿಂದುಗಳಾಗುತ್ತದೆ. ಕುಗ್ಗಿಸದೆ ಇಟ್ಟರೆ ಬಣ್ಣದಲ್ಲಿ ಪುಟಕ್ಕೆ 26 ಎಂಬಿ, ಬೂದು ಛಾಯೆಯಲ್ಲಿ 9 ಎಂಬಿಗಿಂತ ಸ್ವಲ್ಪ ಕಡಿಮೆ ಬೇಕು. 200 ಪುಟಗಳ ಪುಸ್ತಕಕ್ಕೆ ಬಣ್ಣದಲ್ಲಿ 5.2 ಜಿಬಿ, ಬೂದಿನಲ್ಲಿ ಪೌಣೆ ಎರಡು ಜಿಬಿ. ಎರಡು ಹಂತಗಳ ಬೂದು ಚಿತ್ರಗಳು ಒಟ್ಟಿಗೆ ಇರುತ್ತವೆ ಎಂದಿಟ್ಟುಕೊಂಡರೂ ನಿಮಗೆ 4 ಜಿಬಿ ಸಾಕು. ಹಳೆಯ ಪುಸ್ತಕಗಳ ಪುಟ ಎ4ಗಿಂತ ಚಿಕ್ಕದಿರುವುದರಿಂದ ಇನ್ನೂ ಜಾಗ ಉಳಿದೀತು.

ಮಾಡುವ ಕ್ರಮ ಸರಳವಾಗಿದೆ. ಮೊದಲು ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳಿ. ಅದು ಖಾಲಿಯೇ ಇರಬೇಕು, ಏಕೆಂದರೆ ಒಳಗೆ ಕಡತಗಳಿದ್ದರೆ ರ್ಯಾಮ್ ಡಿಸ್ಕ್ ಕೂರಿಸಿದ ಕೂಡಲೇ ಅವು ಮರೆಯಾಗಿ, ಅದನ್ನು ಅನ್‌ಮೌಂಟ್ ಮಾಡುವವರೆಗೆ, ಅಂದರೆ ಅಲ್ಲಿಂದ ತೆಗೆಯುವವರೆಗೆ, ಕಾಣುವುದಿಲ್ಲ. ಕಡತ ಕಳೆದುಹೋಯಿತೆಂದು ಗಾಬರಿಯಾದವರನ್ನು ನಾನು ಕಂಡಿದ್ದೇನೆ. ಬಳಿಕ ರೂಟ್ (ನಿರ್ವಾಹಕ) ಅಧಿಕಾರದಿಂದ ಮೌಂಟ್ ಆದೇಶ ಕೊಟ್ಟು, ಮಾದರಿ ಟಿಎಂಪಿಎಫ್‌ಎಸ್ (ರ್ಯಾಮ್‌ನಲ್ಲಿ ಕಡತ ಇಡುವ ಲಿನಕ್ಸ್ ವ್ಯವಸ್ಥೆ) ಎಂದೂ, ಸೈಜ್ ಆಯ್ಕೆಯಲ್ಲಿ 4ಜಿ ಎಂದೂ, ಕೊನೆಗೆ ಆ ಫೋಲ್ಡರ್‌ನ ದಾರಿಯನ್ನೂ ತಿಳಿಸಿ. ಇದನ್ನು ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ಪ್ರತಿ ಸಲ ಗಣಕ ಆನ್ ಆದಾಗಲೂ ತಾನಾಗಿ ಸಿದ್ಧವಾಗಬೇಕೆಂದರೆ ಇದೇ ವಿವರಗಳನ್ನು, ಬೂಟ್ ಆಗುವಾಗ ಏನೇನು ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಒಂದು ಸಾಲಾಗಿ ಸೇರಿಸಿ. ಆದರೆ ಅಲ್ಲಿ ತಪ್ಪಾದರೆ ಗಣಕ ಬೂಟ್ ಆಗುವಾಗ ನಡುವೆಯೇ ನಿಂತುಬಿಡಬಹುದು, ಆದ್ದರಿಂದ ರೀಸ್ಟಾರ್ಟ್ ಮಾಡುವ ಮೊದಲೇ ಅದನ್ನು ಪರೀಕ್ಷಿಸಿಕೊಳ್ಳಿ.

ಮರುಪ್ರಶ್ನೆ: ಧನ್ಯವಾದಗಳು ಮೇಡಂ. 4 ಜಿಬಿ ಎಂದು ಕೊಟ್ಟ ಕೂಡಲೇ ಅಷ್ಟು ರ್ಯಾಮ್ ಹೋಗಿಬಿಡುತ್ತದೆಯೇ? ಹಾಗಿಲ್ಲವಾದರೆ 14 ಜಿಬಿ ಎಂದೇ ಇಟ್ಟುಕೊಳ್ಳಬಹುದಲ್ಲವೇ? ನಮ್ಮಲ್ಲಿ ಆಗಾಗ ಕರೆಂಟ್ ಹೋಗುವುದೂ ಉಂಟು.

ಉತ್ತರ: ಕೊಡುವುದು ಮಿತಿ ಮಾತ್ರ. ಕಡತ ತುಂಬಿದಷ್ಟೇ ರ್ಯಾಮ್ ಖರ್ಚಾಗುತ್ತದೆ, ಅಳಿಸಿದರೆ ಮರಳಿ ಬರುತ್ತದೆ. ಮಿತಿ ಹೇಳದಿದ್ದರೆ ಒಟ್ಟು ರ್ಯಾಮ್‌ನ ಅರ್ಧ, ನಿಮ್ಮಲ್ಲಿ 8 ಜಿಬಿ ಎಂದು ಅದೇ ಹಿಡಿಯುತ್ತದೆ. ಆದರೆ 14 ಜಿಬಿ ಖಂಡಿತ ಬೇಡ. ರ್ಯಾಮ್ ಪೂರ್ತಿ ತೀರಿದಾಗ ಕರ್ನೆಲ್ ಯಾವುದಾದರೂ ಪ್ರೋಗ್ರಾಮನ್ನು ನಿಲ್ಲಿಸಿ ಜಾಗ ಬಿಡಿಸಿಕೊಳ್ಳುತ್ತದೆ. ರ್ಯಾಮ್ ಡಿಸ್ಕ್‌ನಲ್ಲಿರುವ ಕಡತಗಳು ಯಾವ ಪ್ರೋಗ್ರಾಮಿಗೂ ಸೇರಿದವಲ್ಲವಾದ್ದರಿಂದ, ಎಷ್ಟನ್ನು ನಿಲ್ಲಿಸಿದರೂ ಆ ಜಾಗ ಸಿಗದೆ ಗಣಕವೇ ಸ್ತಬ್ಧವಾಗಬಹುದು. ಅದಕ್ಕೂ ಮೊದಲೇ ಟಿಎಂಪಿಎಫ್‌ಎಸ್‌ನ ಕಡತಗಳು ಸ್ವಾಪ್‌ಗೆ, ಎಂದರೆ ನೀವು ತಪ್ಪಿಸಬೇಕೆಂದುಕೊಂಡ ಅದೇ ಡಿಸ್ಕ್‌ಗೆ, ಹೋಗಿ ಕೂರುತ್ತವೆ. ಮುಂದೆ 4 ಜಿಬಿ ಸಾಲದೆ ಹೋದರೆ ಒಳಗಿನ ಕಡತಗಳನ್ನು ಹಾಗೆಯೇ ಇಟ್ಟುಕೊಂಡು ರೀಮೌಂಟ್ ಆಯ್ಕೆಯಿಂದ ಮಿತಿ ಹೆಚ್ಚಿಸಬಹುದು.

ಕರೆಂಟ್ ಹೋದರೆ ಒಳಗಿದ್ದದ್ದೆಲ್ಲವೂ ಹೋದಂತೆಯೇ, ಮರಳಿ ತರುವ ಉಪಾಯ ಯಾವುದೂ ಇಲ್ಲ. ದಯವಿಟ್ಟು ಸ್ಕ್ಯಾನರ್‌ನಿಂದ ಬಂದ ಮೂಲ ಚಿತ್ರಗಳನ್ನು ಒಂದು ಕ್ಷಣವೂ ಅಲ್ಲಿ ಇಡಬೇಡಿ. ಕೈ ಸೋಕಿದರೆ ಪುಡಿಯಾಗುವ ಹಾಳೆಗಳನ್ನು ಮತ್ತೊಮ್ಮೆ ಗಾಜಿನ ಮೇಲೆ ಮಗುಚುವ ಪಾಡು ಆ ಪುಸ್ತಕಗಳಿಗೆ ಬರಬಾರದು. ಮೂಲ ಚಿತ್ರಗಳೂ ತಿದ್ದಿದ ಪಠ್ಯವೂ ಡಿಸ್ಕ್‌ನಲ್ಲೇ ಇರಲಿ, ನಡುವಿನ ಚಿತ್ರಗಳು ಮಾತ್ರ ರ್ಯಾಮ್‌ನಲ್ಲಿರಲಿ. ಹಾಗಿದ್ದಾಗ ಕರೆಂಟ್ ಹೋದರೂ ನಷ್ಟವಾಗುವುದು ಗಣಕದ ಅರ್ಧ ಗಂಟೆಯ ಕೆಲಸವೇ ಹೊರತು ನಿಮ್ಮ ಶ್ರಮವಲ್ಲ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ರ್ಯಾಮ್‌ನಲ್ಲೇ ಕಡತ ಇಡುವ ರ್ಯಾಮ್‌ಎಫ್‌ಎಸ್ ಎಂಬ ಇನ್ನೊಂದು ಮಾದರಿಯೂ ಇದೆಯಲ್ಲ, ಅದು ಸ್ವಾಪ್‌ಗೆ ಹೋಗುವುದಿಲ್ಲ ಎಂದು ಓದಿದ್ದೇನೆ. ಅದು ಮೇಲಲ್ಲವೇ?

ಉತ್ತರ: ಸ್ವಾಪ್‌ಗೆ ಹೋಗುವುದಿಲ್ಲ ಎಂಬುದು ನಿಜ, ಆದರೆ ಅದಕ್ಕೆ ಮಿತಿಯೇ ಇಲ್ಲ. ಸೈಜ್ ಹೇಳಿದರೂ ಅದು ಲೆಕ್ಕಿಸದೆ ರ್ಯಾಮ್ ಮುಗಿಯುವವರೆಗೂ ಬೆಳೆಯುತ್ತದೆ. ದಿನಬಳಕೆಗೆ ನಾನು ಅದನ್ನು ಹೇಳಲಾರೆ. ಸ್ವಾಪ್ ಬೇಡವೇ ಬೇಡ ಎನ್ನುವವರಿಗೆ 2023ರ ಕರ್ನೆಲ್ 6.4ರಿಂದ ಟಿಎಂಪಿಎಫ್‌ಎಸ್‌ನಲ್ಲಿಯೇ ನೋಸ್ವಾಪ್ ಎಂಬ ಆಯ್ಕೆ ಇದೆ.