ಮಕ್ಕಳಿಂದ ಕಥೆ ಹೇಳಿಸಲು ಮೊಬೈಲನ್ನು ಹೇಗೆ ಬಳಸಬಹುದು?

ಪ್ರಶ್ನೆ: ಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ಸರ್ಕಾರಿ ಶಾಲೆಯೊಂದರಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಕನ್ನಡ ಬೋಧಿಸುತ್ತಿದ್ದೇನೆ. ಬಹುಪಾಲು ಮಕ್ಕಳ ಮನೆಮಾತು ತೆಲುಗು. ಮೂರನೇ ತರಗತಿವರೆಗಿನ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿ ಮುಗಿಸಿ ಬಂದ ಅವರು ಪಾಠವನ್ನು ತಕ್ಕಮಟ್ಟಿಗೆ ಓದುತ್ತಾರೆ; ಆದರೆ ಓದಿದ್ದನ್ನು ಸ್ವಂತ ಮಾತಿನಲ್ಲಿ ಹೇಳಲು ಕೇಳಿದರೆ ಎರಡು ವಾಕ್ಯಕ್ಕೇ ನಿಂತುಬಿಡುತ್ತಾರೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸರ್ಕಾರದ ಕಲಿಕಾ ಜಾಲತಾಣ ದೀಕ್ಷಾದ ವಿಡಿಯೋಗಳನ್ನು ಟಿವಿಯಲ್ಲಿ ಹಾಕಿದರೆ ಕಣ್ಣು ಮಿಟುಕಿಸದೆ ನೋಡುತ್ತಾರೆ, ಮುಗಿದ ಮೇಲೆ ಮಾತ್ರ ತರಗತಿ ಮೌನವಾಗಿರುತ್ತದೆ. ಈ ಸಾಧನಗಳಿಂದಲೇ ಮಕ್ಕಳ ಬಾಯಿ ಬಿಡಿಸಿದ ಅನುಭವ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಶಿಕ್ಷಕ, ಮುಳಬಾಗಿಲು ತಾಲ್ಲೂಕು

ಮೇಡಂ, ನಮ್ಮದೂ ಆಂಧ್ರದ ಗಡಿ ತಾಲ್ಲೂಕೇ ಆದ್ದರಿಂದ ನಿಮ್ಮ ಕಷ್ಟ ಅರ್ಥವಾಗುತ್ತದೆ. ವಿಡಿಯೋದಲ್ಲಿ ಚಿತ್ರ, ದನಿ, ಭಾವ ಎಲ್ಲವೂ ಸಿದ್ಧವಾಗಿಯೇ ಬರುವುದರಿಂದ ಮಗು ಮಾತು ಹುಡುಕಬೇಕಾದ ಪ್ರಸಂಗವೇ ಒದಗುವುದಿಲ್ಲ. ಹಾಗಾಗಿ ನಾನು ಮೊಬೈಲಿನಲ್ಲಿ ತೋರಿಸುವುದನ್ನು ಕಡಿಮೆ ಮಾಡಿ, ಮಕ್ಕಳ ದನಿಯನ್ನು ಅವರಿಗೇ ಕೇಳಿಸಲು ಅದನ್ನು ಬಳಸುತ್ತೇನೆ.

ಆವಣಿ ಬೆಟ್ಟದಲ್ಲಿ ಸೀತೆ ಲವಕುಶರನ್ನು ಹೆತ್ತಳೆಂಬ ಐತಿಹ್ಯ ನಮ್ಮ ಕಡೆ ಮನೆಮನೆಯಲ್ಲೂ ಇದೆ, ಹೇಳುವ ಬಗೆ ಮಾತ್ರ ಬೇರೆಬೇರೆ. ಅಜ್ಜಿಯಿಂದ ಕೇಳಿ ಬಂದ ಕಥೆಯನ್ನು ಮಕ್ಕಳು ತರಗತಿಯಲ್ಲಿ ಮೊದಲು ತೆಲುಗಿನಲ್ಲೇ ಹೇಳಲಿ ಎಂದು ಬಿಡುತ್ತೇನೆ. ಕನ್ನಡದ ಅವಧಿಯಲ್ಲಿ ತೆಲುಗೇಕೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ಕಥೆಯ ಓಟ ಮನಸ್ಸಿನಲ್ಲಿ ಕೂತಿದ್ದರೆ ಮಗುವಿಗೆ ಕನ್ನಡದ ಪದ ಹುಡುಕುವ ಕೆಲಸವೊಂದೇ ಉಳಿಯುತ್ತದೆ, ಮುಂದೇನು ಎಂಬ ಚಿಂತೆ ಇರುವುದಿಲ್ಲ. ಆಮೇಲೆ ನಾಲ್ಕೈದು ಚಿತ್ರ ಬರೆಸಿ, ಒಂದೊಂದು ಚಿತ್ರಕ್ಕೂ ಪ್ರತ್ಯೇಕವಾಗಿ ಕನ್ನಡದ ಮಾತನ್ನು ರೆಕಾರ್ಡ್ ಮಾಡಿಸುತ್ತೇನೆ. ಒಂದೆಡೆ ತಡವರಿಸಿದರೆ ಅಷ್ಟನ್ನು ಮಾತ್ರ ಮತ್ತೆ ಹೇಳಿಸಿದರಾಯಿತು.

ನಿಜವಾದ ಕಲಿಕೆ ನಡೆಯುವುದು ಅದನ್ನು ಮತ್ತೆ ಕೇಳುವಾಗ. "ಸೀತಮ್ಮ ಬಂದಳು, ಆಮೇಲೆ ಕೂತಳು, ಆಮೇಲೆ ಅತ್ತಳು" ಎಂದಿದ್ದ ಹುಡುಗಿಯೊಬ್ಬಳು ತನ್ನದೇ ದನಿ ಕೇಳಿ, "ಸಾರ್, ಆಮೇಲೆ ಆಮೇಲೆ ಅಂತ ಜಾಸ್ತಿ ಬಂತು" ಎಂದಳು. ಮರುಸಲ "ಸೀತಮ್ಮ ಬಂದು, ಬಂಡೆ ಮೇಲೆ ಕೂತು ಅತ್ತಳು" ಎಂದು ತಾನೇ ಜೋಡಿಸಿದಳು. ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟಿದ್ದರೆ ಆ ತಿದ್ದುಪಡಿ ಅವಳದಾಗುತ್ತಿರಲಿಲ್ಲ.

ರೆಕಾರ್ಡ್ ಮಾಡುವಾಗ ಫ್ಯಾನ್ ಆರಿಸಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಹಿಡಿಸಿ.

ಉತ್ತರ: ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಚಿಂತಾಮಣಿ ತಾಲ್ಲೂಕು

ಮನೆಯಿಂದ ಕಥೆ ತರಲಾಗದ ಮಕ್ಕಳಿಗೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ ನೆರವಾದೀತು. ಎಷ್ಟೋ ಕಥೆಗಳು ಅಲ್ಲಿ ತೆಲುಗು, ಕನ್ನಡ ಎರಡರಲ್ಲೂ ಇವೆ. ಮುಕ್ತ ಪರವಾನಗಿಯಲ್ಲಿರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು, ಕರ್ತೃವಿನ ಹೆಸರನ್ನು ಉಳಿಸಿಕೊಂಡರೆ ಸಾಕು. ಆದರೂ ಊರಿನ ಕಥೆಗೇ ನನ್ನ ಮೊದಲ ಮತ. ಬಕಾಸುರ ತಮ್ಮೂರಿನ ಬೆಟ್ಟದಲ್ಲಿದ್ದನೆಂಬ ಐತಿಹ್ಯವಿರುವ ಕೈವಾರದ ಮಕ್ಕಳಿಗೆ ಆ ಕಥೆ ಎತ್ತಿಕೊಟ್ಟರೆ ಸಾಕು, ಬೆಟ್ಟ ತೋರಿಸಿ ತಾವೇ ಮುಂದುವರಿಸುತ್ತಾರೆ.

ಉತ್ತರ: ಶಿಕ್ಷಕಿ, ತುಮಕೂರು

ಮೇಲಿನ ವಿಧಾನವನ್ನು ಒಪ್ಪುತ್ತಲೇ ಎರಡು ಎಚ್ಚರಿಕೆ ಹೇಳಬಯಸುತ್ತೇನೆ. ಚಿತ್ರ, ದನಿ ಸೇರಿಸಿ ವಿಡಿಯೋ ಮಾಡುವ ಹಂತಕ್ಕೆ ಬಂದಾಗ ಹಿನ್ನೆಲೆ ಸಂಗೀತ, ಬಣ್ಣದ ಅಕ್ಷರಗಳ ಮೋಹ ಹೆಚ್ಚುತ್ತದೆ, ಎಡಿಟಿಂಗ್ ಕೆಲಸ ಶಿಕ್ಷಕರ ತಲೆಗೆ ಬಂದು ಮಗುವಿನ ಕಥೆ ಹಿಂದೆ ಸರಿಯುತ್ತದೆ. ಅಂಕ ಕೊಡುವುದಾದರೆ ಕಥನಕ್ಕೆ ಕೊಡಿ, ಅಲಂಕಾರಕ್ಕೆ ಬೇಡ.

ಎರಡನೆಯದು ಇನ್ನೂ ಮುಖ್ಯ. ಮಕ್ಕಳ ದನಿಯನ್ನೂ ಮುಖವನ್ನೂ ವಾಟ್ಸಾಪ್ ಗುಂಪುಗಳಿಗೆ ಹಾಕುವುದು ಈಗ ಸಲೀಸಾಗಿಬಿಟ್ಟಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ಮನೆಯ ಕಥೆಯಲ್ಲಿ ಮನೆಯ ಗುಟ್ಟೂ ಸೇರಿರಬಹುದು. ತಾಯಿ ತಂದೆಯರಿಗೆ ಮೊದಲು ಕೇಳಿಸಿ, ಅವರು ಒಪ್ಪಿದರಷ್ಟೇ ಹೊರಗೆ ಕಳುಹಿಸಿ.

ಮರುಪ್ರಶ್ನೆ: ಶಿಕ್ಷಕಿ, ಬಾಗೇಪಲ್ಲಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ನಾಲ್ಕು ಜನರ ಮುಂದೆ ಬಾಯಿಯನ್ನೇ ಬಿಡದ ಮಕ್ಕಳಿಂದ ರೆಕಾರ್ಡಿಂಗ್ ಮಾಡಿಸುವುದು ಹೇಗೆ?

ಉತ್ತರ: ಶಿಕ್ಷಕ, ಮುಳಬಾಗಿಲು ತಾಲ್ಲೂಕು

ಅಂಥ ಮಗುವನ್ನು ಅದರ ಗೆಳೆಯ ಅಥವಾ ಗೆಳತಿಯ ಜೊತೆ ಮಾಡಿ, ಮೊಬೈಲ್ ಕೊಟ್ಟು ವರಾಂಡಕ್ಕೆ ಕಳುಹಿಸಿ ಮೇಡಂ. ನೀವು ಪಕ್ಕದಲ್ಲಿ ನಿಲ್ಲಬೇಡಿ. ರೆಕಾರ್ಡ್ ಆದದ್ದನ್ನು ತರಗತಿಗೆ ಕೇಳಿಸಬೇಕೇ ಬೇಡವೇ ಎಂಬುದನ್ನು ಆ ಮಗುವೇ ಹೇಳಲಿ. ಬೇಡವೆಂದರೆ ಅದರ ಎದುರಿಗೇ ಅಳಿಸಿಬಿಡಿ.